ಬಾಯಿ ಬಿಡಿ

ಮತ್ತಿಕೆರೆಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲೆ,
ಹದಿನೇಳು ಮೆಟ್ಟಿಲು ಹತ್ತಿದರೆ ನನ್ನ ಕ್ಲಿನಿಕ್ಕು.
ಕೆಳಗೆ ಅವರು ಪೈಪು ಕೊಯ್ಯುತ್ತಾರೆ, ಮೇಲೆ ನಾನು ಹಲ್ಲು ಕೊರೆಯುತ್ತೇನೆ.
ಯಾವ ಸದ್ದಿಗೆ ಬೆಚ್ಚಿದೆವೆಂದು
ಕುರ್ಚಿಯಲ್ಲಿ ಕೂತವರಿಗೇ ತಿಳಿಯುವುದಿಲ್ಲ.

ಇಪ್ಪತ್ತೆರಡು ವರ್ಷ.
ಮೊದಲ ಕುರ್ಚಿ ಶಿವಾಜಿನಗರದ ಸೆಕೆಂಡ್‌ಹ್ಯಾಂಡು;
ಏರಿಸಿದರೆ ಇಳಿಯದು, ಇಳಿಸಿದರೆ ಏಳದು.
ಆಗ ದಿನಕ್ಕೆ ಇಬ್ಬರು ಬರುತ್ತಿದ್ದರು:
ಒಬ್ಬರು ಯಾರದೋ ವಿಳಾಸ ಕೇಳಲು,
ಇನ್ನೊಬ್ಬರು ನಮ್ಮಮ್ಮ, ಊಟದ ಡಬ್ಬಿ ಹಿಡಿದು.

ಬಾಯಿ ಬಿಡಿ ಅಂದರೆ
ಜನ ಎರಡು ಥರ ಬಿಡುತ್ತಾರೆ.
ಹಾಸಿಗೆ ಹೊಲಿಯುವ ದಸ್ತಗೀರ್ ಸಾಬರು
(ದಾರ ಕಡಿದು ಕಡಿದು ಮುಂದಿನ ಹಲ್ಲಲ್ಲಿ ಒಂದು ಕಚ್ಚು)
ಹತ್ತಿ ತುರುಕಿದ ಬಾಯಲ್ಲೇ ಮಗಳ ನಿಕಾಹಿನ ಕತೆ ಹೇಳುತ್ತಾರೆ.
ಸ್ವರಗಳಷ್ಟೇ ಕೇಳುತ್ತವೆ,
ವ್ಯಂಜನ ನಾನೇ ತುಂಬಿಕೊಳ್ಳುತ್ತೇನೆ.

ಯಶವಂತಪುರದ ಈರುಳ್ಳಿ ಮಂಡಿಯ ಸೆಲ್ವಿ
ಹಲ್ಲುನೋವೆಂದು ಬಂದಳು. ಹಲ್ಲಿಗೇನೂ ಆಗಿರಲಿಲ್ಲ.
ಕಡ್ಡಿಪುಡಿ ಇಡುವ ಕಡೆ, ಕೆನ್ನೆಯೊಳಗೆ, ಒಂದು ಬಿಳಿ ಮಚ್ಚೆ.
ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ, ಫೀಸು ಬೇಡವೆಂದೆ.
ಆ ತಿಂಗಳು ಬಾಡಿಗೆ ತಡವಾಯಿತು.
ಎರಡಕ್ಕೂ ಸಂಬಂಧವಿಲ್ಲ.
ಇದೆ, ಸ್ವಲ್ಪ.

ಲೆಕ್ಕ ನಾಗವೇಣಿಯದು.
ಬಂದ ಹಣ ಪೆನ್ನಿನಲ್ಲಿ, ಬಾಕಿ ಪೆನ್ಸಿಲಿನಲ್ಲಿ.
ಆರು ತಿಂಗಳಿಗೊಮ್ಮೆ ಎಲ್ಲರಿಗೂ ಫೋನು:
"ಅಕ್ಕಾ, ಕ್ಲೀನಿಂಗಿಗೆ ಬರಲಿಲ್ಲ. ಹಲ್ಲು ಹುಷಾರಾ?"
ಕೆಲವು ಬಾಕಿಗಳನ್ನು, ನಾನು ನೋಡದಾಗ,
ಅವಳು ರಬ್ಬರಿನಿಂದ ಉಜ್ಜಿಬಿಡುತ್ತಾಳೆಂದು ಗೊತ್ತು.
ಅವಳು ನೋಡದಾಗ ನಾನೂ.

ಹೋದ ವರ್ಷ ಎದುರಿಗೆ ಗಾಜಿನ ಕಟ್ಟಡ ಎದ್ದಿತು.
ಮೂವತ್ತೆರಡಕ್ಕಿಂತ ಹೆಚ್ಚೇ ಇದ್ದಾವೆ ಎಂಬಂತೆ
ನಗುವ ಹುಡುಗಿಯ ಬೋರ್ಡು.
ಅಲ್ಲಿಂದ ನಿಶ್ಚಲ್ ಬಂದ, ಇಸ್ತ್ರಿ ಮಾಡಿದ ಮಾತು,
ಲ್ಯಾಪ್‌ಟಾಪಿನಲ್ಲಿ ಏರುತ್ತ ಹೋಗುವ ನೀಲಿ ಕಂಬಗಳು.
"ನೂರು ಜನರಲ್ಲಿ ರೂಟ್ ಕೆನಾಲಿಗೆ ಎಷ್ಟು ಜನ ಒಪ್ತಾರೆ ಮೇಡಂ?"
"ಬೇಕಾದವರು ಒಪ್ತಾರೆ."
"ಒಪ್ಪಿಸಬೇಕು ಮೇಡಂ. ಅದನ್ನೇ ನಾವು ಕಲಿಸೋದು.
ನಿಮ್ಮ ಹೆಸರು ಹಾಗೇ ಇರುತ್ತೆ, ಬೋರ್ಡು ಮಾತ್ರ ನಮ್ಮದು."

ಆಸೆಯಾಗಲಿಲ್ಲ ಅಂದರೆ ಸುಳ್ಳು.
ಕಂಪ್ರೆಸರ್ ಮಹಡಿಯ ಮೇಲೆ ಕೆಮ್ಮುತ್ತಿದೆ,
ಎಕ್ಸ್‌ರೇ ಯಂತ್ರದ ಕಂತು ಇನ್ನೂ ಹನ್ನೊಂದು,
ಲ್ಯಾಬಿನವನು ಕ್ಯಾಪಿನ ರೇಟು ಏರಿಸಿದ್ದಾನೆ.
ನನ್ನ ಕತ್ತು, ಬಲಕ್ಕೇ ಬಾಗಿ ಬಾಗಿ,
ಲೋಕವನ್ನು ನೆಟ್ಟಗೆ ನೋಡಲೊಲ್ಲದು.
ಹಲ್ಲು ಕಚ್ಚಿಕೊಂಡು ಬದುಕುವವರಿಗೆ
ಹಲ್ಲು ಸವೆಯುತ್ತದೆ. ನಾನೇ ದಿನಾ ಹೇಳುವ ಮಾತು.

ಆಗ ಕಂಡೆ: ನಾಗವೇಣಿ ಕೊಟ್ಟ ಕಾಫಿಯನ್ನು
ಆತ ಎಡಗಡೆಯಿಂದಲೇ ಗುಟುಕರಿಸುತ್ತಿದ್ದ.
"ಬಲಗಡೆ ಎಷ್ಟು ದಿನದಿಂದ?" ಎಂದೆ.
ನೀಲಿ ಕಂಬಗಳು ಅಲ್ಲಲ್ಲೇ ನಿಂತವು.

ಬಾಯಿ ಬಿಡಿ.

ಬುದ್ಧಿಹಲ್ಲು. ಅಡ್ಡಡ್ಡ ಮಲಗಿದೆ,
ಖಾಲಿ ಮಾಡದ ಬಾಡಿಗೆದಾರನಂತೆ,
ಪಕ್ಕದ ಮನೆಯ ಗೋಡೆಗೆ ಕಾಲು ಕೊಟ್ಟು.
"ತೆಗೆಸಬೇಕು," ಎಂದೆ.

ದೀಪದಡಿ ಕಣ್ಣು ಕಿರಿದಾಗಿಸಿ ಆತ ಕೇಳಿದ:
"ನಿಜವಾಗ್ಲೂ ಬೇಕಾ ಡಾಕ್ಟ್ರೇ? ಅಥವಾ..."

ಆ ಅಥವಾ ಬಾಯಿಯ ತುದಿಯಲ್ಲೇ ಉಳಿಯಿತು,
ಎಂಜಲು ಹೀರುವ ಕೊಳವೆ ಅದನ್ನೂ ಹೀರಿಕೊಂಡಿತು.

ಸಿಂಕಿನ ಬಳಿಯಿಂದ ನಾಗವೇಣಿ, ತಿರುಗದೆಯೇ:
"ನಮ್ ಡಾಕ್ಟ್ರು ಬೇಡ ಅನ್ನೋದೇ ಜಾಸ್ತಿ ಸಾರ್.
ಅದಕ್ಕೇ ನೋಡಿ, ಫ್ಯಾನು ಇನ್ನೂ ಹಳೇದು."

ಕೆಳಗೆ ಯಾರೋ ಅರ್ಧ ಕೆಜಿ ಮೊಳೆ ಕೇಳುತ್ತಿದ್ದರು,
ಎರಡಿಂಚಿನವು, ತುಕ್ಕು ಹಿಡಿಯದವು.
ಆತ ಲ್ಯಾಪ್‌ಟಾಪು ಮುಚ್ಚಿದ. ಸ್ವಲ್ಪ ಹೊತ್ತು ಫ್ಯಾನನ್ನೇ ನೋಡಿದ.
"ಮಂಗಳವಾರ ಬನ್ನಿ," ಎಂದೆ,
"ತಿಂಡಿ ತಿಂದು, ಜೊತೆಗೆ ಯಾರನ್ನಾದರೂ ಕರಕೊಂಡು."

ನಾಗವೇಣಿ ಕೈ ಒರೆಸಿಕೊಂಡು ಬಂದು
ಹೆಸರು ಬರೆದಳು.
ಪೆನ್ಸಿಲಿನಲ್ಲಿ.